ಕೂರಲಾರದವರ ಸಾಧನೆ

ಕಳೆದ ವರ್ಷದ ಶ್ರಾವಣದಲ್ಲಿ ಹಲಸೂರಿನ ಭಕ್ತರೊಬ್ಬರ ಮನೆಯಲ್ಲಿ ಪೂಜೆ, ಪ್ರಸಾದಗಳು ಮುಗಿದ ಬಳಿಕ, ಕೃಷ್ಣರಾಜಪುರದ ಕಡೆಯಿಂದ ಬಂದಿದ್ದ ಸದ್ಭಕ್ತರೊಬ್ಬರು ನಮ್ಮನ್ನು ಪಡಸಾಲೆಯ ಮೂಲೆಗೆ ಕರೆದೊಯ್ದು ಬಹು ಸಂಕೋಚದಿಂದ ತಮ್ಮ ಕಷ್ಟವನ್ನು ನಿವೇದಿಸಿಕೊಂಡರು. ಅವರಿಗೆ ನಲವತ್ತೈದರ ಆಸುಪಾಸು. ದಿನದ ಎರಡು ಗಂಟೆ ಟಿನ್ ಫ್ಯಾಕ್ಟರಿಯ ವಾಹನ ದಟ್ಟಣೆಗೇ ಸಮರ್ಪಿತ. ಕೆಲವು ತಿಂಗಳ ಹಿಂದೆ ರಕ್ತದೊತ್ತಡ ೧೫೦/೧೦೦ ಇದೆಯೆಂದು ತಿಳಿದುಬಂದಿತ್ತು. ವೈದ್ಯರು ಮಾತ್ರೆಯೊಂದಿಗೆ ವ್ಯಾಯಾಮವನ್ನೂ ಮನಶ್ಶಾಂತಿಯನ್ನೂ ಬರೆದುಕೊಟ್ಟಿದ್ದರು. "ಮಾತ್ರೆಯನ್ನು ತೆಗೆದುಕೊಳ್ಳಬಲ್ಲೆ. ಮನಶ್ಶಾಂತಿಯನ್ನು ಎಲ್ಲಿಂದ ತರಲಿ? ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತರೆ ಐದು ನಿಮಿಷಕ್ಕೆ ಕಾಲು ತಾನಾಗಿ ಅಲುಗತೊಡಗುತ್ತದೆ. ಯೋಗದ ತರಗತಿಗೆ ಮೂರು ಬಾರಿ ಸೇರಿ ಮೂರು ಬಾರಿಯೂ ಬಿಟ್ಟೆ. ನಾನು ಇದಕ್ಕೆ ಯೋಗ್ಯನಲ್ಲವೇನೋ" ಎಂದರು. ನಾವು ಬಹಳ ತಿಳಿದವರಂತೆ, ಅಭ್ಯಾಸಬಲದಿಂದ ಎಲ್ಲವೂ ಸಾಧ್ಯ, ಹಠ ಹಿಡಿದು ಕುಳಿತುಕೊಳ್ಳಿರಿ ಎಂದು ಹೇಳಿ ಕಳುಹಿಸಿದೆವು.

ಆ ಉತ್ತರ ತಪ್ಪಾಗಿತ್ತು. ಅದು ತಪ್ಪೆಂದು ಅರಿಯಲು ನಮಗೆ ಹಲವು ತಿಂಗಳುಗಳು ಬೇಕಾದವು.

ನಾವು ಕೆಲವು ಮಂದಿ ಭಕ್ತರು ಕೂಡಿ ದಂಡಿನ ಭಾಗದ, ಅಂದರೆ ಶಿವಾಜಿನಗರ, ಹಲಸೂರು, ಇಂದಿರಾನಗರದ ಭಕ್ತರಿಗಾಗಿ ಭಾನುವಾರ ಬೆಳಗಿನ ಯೋಗಾಭ್ಯಾಸವೊಂದನ್ನು ನಡೆಸುತ್ತಿದ್ದೆವು. ಮೊದಲ ವಾರ ಹಾಸಲು ಜಮಖಾನಗಳು ಸಾಲದೆ ನೆರೆಮನೆಗಳಿಂದ ತರಿಸಬೇಕಾಯಿತು. ಮೂರನೆಯ ತಿಂಗಳಿಗೆ ಎರಡೇ ಜಮಖಾನಗಳು ಸಾಕಾದವು. ಬರುವುದನ್ನು ಬಿಟ್ಟವರ ಬಗ್ಗೆ ನಾವು ಆಡಿಕೊಂಡ ಮಾತು ಒಂದೇ: ಈ ಕಾಲದವರಿಗೆ ತಾಳ್ಮೆ ಇಲ್ಲ. ನಮ್ಮ ಕ್ರಮವಾದರೋ ಹೀಗಿತ್ತು: ಮೊದಲು ಹದಿನೈದು ನಿಮಿಷ ಕಣ್ಣುಮುಚ್ಚಿ ಕುಳಿತುಕೊಳ್ಳುವುದು, ಅನಂತರ ಪ್ರಾಣಾಯಾಮ, ಕೊನೆಗೆ ಕಾಲವಿದ್ದರೆ ನಾಲ್ಕಾರು ಆಸನಗಳು. ಅತ್ಯಂತ ಕಠಿಣವಾದುದನ್ನು ಬಾಗಿಲಲ್ಲೇ ಇಟ್ಟು, ಅದನ್ನು ದಾಟಲಾರದೆ ಹಿಂದಿರುಗಿದವರನ್ನು ಚಂಚಲರೆಂದು ಕರೆದೆವು.

'ಚಂಚಲ' ಎಂಬ ಶಬ್ದವನ್ನು ನಾವು ಬೈಗುಳದಂತೆ ಬಳಸುವುದು ರೂಢಿಯಾಗಿದೆ. ಶಾಲೆಯಲ್ಲಿ ಬೆಂಚಿನ ಮೇಲೆ ಕೂರಲಾರದ ಬಾಲಕ ಚಂಚಲ. ಪ್ರವಚನದ ನಡುವೆ ಎದ್ದುಹೋಗುವ ಹಿರಿಯರು ಚಂಚಲರು. ಆದರೆ 'ಜಂಗಮ' ಎಂಬ ಶಬ್ದಕ್ಕೇ ಚಲಿಸುವುದು ಎಂಬ ಅರ್ಥವಿರುವಾಗ, ಆ ಶಬ್ದಕ್ಕೆ ಅಷ್ಟು ಹಿರಿಯ ಸ್ಥಾನವನ್ನಿತ್ತ ಪರಂಪರೆಯವರಾದ ನಾವು ಚಲನೆಯನ್ನೇ ದೋಷವೆಂದು ಎಣಿಸುವುದು ಎಷ್ಟು ಸರಿ? ಚಲಿಸುವ ಸ್ವಭಾವದವರಿಗೆ ಚಲನೆಯಿಂದಲೇ ಆರಂಭವಾಗುವ ಸಾಧನೆ ಬೇಕು. ನಿಶ್ಚಲತೆ ಅದರ ಕೊನೆಯಲ್ಲಿ ಬರಲಿ. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಇಷ್ಟೇ. ಇದು ಮನಸ್ಸಿನ ಚಪಲಕ್ಕೆ ಸೋತ ಮಾತೆಂದು ಕೆಲವು ಹಿರಿಯ ಭಕ್ತರು ನಮ್ಮನ್ನು ಆಕ್ಷೇಪಿಸಿದ್ದಾರೆ. ಆ ಆಕ್ಷೇಪಕ್ಕೂ ಮುಂದೆ ಬರುತ್ತೇವೆ.

ನಂದಿಕೋಲು ಹೊರುವವರನ್ನು ಕಂಡವರಿಗೆ ನಮ್ಮ ಮಾತು ಸುಲಭವಾಗಿ ತಿಳಿಯುತ್ತದೆ. ಮೈಸೂರು ದಸರೆಯ ಜಂಬೂಸವಾರಿ ಆರಂಭವಾಗುವುದೇ ನಂದಿಧ್ವಜದ ಪೂಜೆಯಿಂದ. ಹಿತ್ತಾಳೆಯ ಬಿಲ್ಲೆಗಳು, ಗೆಜ್ಜೆಗಳು, ಬಣ್ಣದ ವಸ್ತ್ರಗಳಿಂದ ಅಲಂಕೃತವಾದ ಎತ್ತರದ ಬಿದಿರಿನ ಕೋಲನ್ನು ಸೊಂಟಕ್ಕೆ ಬಿಗಿದ ವಸ್ತ್ರದ ಆಸರೆಯಲ್ಲಿ ನಿಲ್ಲಿಸಿಕೊಂಡು, ವಾದ್ಯದ ಗತಿಗೆ ಹೆಜ್ಜೆ ಹಾಕುತ್ತಾ ಕುಣಿಯುವ ಆ ತರುಣನನ್ನು ಗಮನಿಸಿರಿ. ಅವನ ಮನಸ್ಸು ಎಲ್ಲಿಗೂ ಹೋಗುವುದಿಲ್ಲ. ಹೋಗಲು ಅದಕ್ಕೆ ಬಿಡುವೇ ಇಲ್ಲ. ತುದಿ ಒಂದಿಷ್ಟು ವಾಲಿದರೆ ಅಂಗಾಲು ಅದನ್ನು ಅರಿಯಬೇಕು, ಸೊಂಟ ಸರಿಯಬೇಕು, ಉಸಿರು ಹಿಡಿತದಲ್ಲಿರಬೇಕು, ಹೆಜ್ಜೆ ತಾಳ ತಪ್ಪಬಾರದು. ಅದೇ ತರುಣನನ್ನು ಕಣ್ಣುಮುಚ್ಚಿ ಕುಳ್ಳಿರಿಸಿದರೆ ಮೂರು ನಿಮಿಷದಲ್ಲಿ ಅವನ ಕೈ ಮೊಬೈಲನ್ನು ಹುಡುಕೀತು. ಎರಡೂ ಕಡೆ ಇರುವ ಮನಸ್ಸು ಒಂದೇ. ಮೊದಲನೆಯ ಕಡೆ ಅದಕ್ಕೆ ಶಕ್ತಿಗೆ ತಕ್ಕ ಕೆಲಸ ದೊರೆತಿದೆ, ಎರಡನೆಯ ಕಡೆ ದೊರೆತಿಲ್ಲ. ವೀರಗಾಸೆಯಲ್ಲಿ, ಮಲೆಯ ಮಹದೇಶ್ವರನ ಭಕ್ತರ ಬೀಸು ಕಂಸಾಳೆಯಲ್ಲಿ, ಉತ್ತರ ಕರ್ನಾಟಕದ ಮಲ್ಲಕಂಬದಲ್ಲಿ ನಾವು ಕಾಣುವುದೂ ಇದನ್ನೇ. ನಮ್ಮ ಹಿರಿಯರು ಇವುಗಳನ್ನು ವ್ಯಾಯಾಮವೆಂದು ಕರೆಯಲಿಲ್ಲ, ಧ್ಯಾನವೆಂದೂ ಕರೆಯಲಿಲ್ಲ. ಎರಡೂ ಅಲ್ಲಿ ಕೂಡಿಯೇ ಇದ್ದವು.

ಹಾಗೆಂದು ನಲವತ್ತೈದರ ವಯಸ್ಸಿನ, ರಕ್ತದೊತ್ತಡವುಳ್ಳ ಗೃಹಸ್ಥರಿಗೆ ನಂದಿಕೋಲನ್ನು ಹೊರಿಸಲಾಗದು. ಅವರಿಗೆ ಬೇರೇನಿದೆ ಎಂದು ಹುಡುಕುವಾಗ ನಾವು ಮೊದಲು ನೋಡಬೇಕಾದುದು ನಮ್ಮ ನಾಡಿನ ಯೋಗದ ಇತಿಹಾಸವನ್ನೇ.

ಇಂದು ಲೋಕವೆಲ್ಲ ಯೋಗವೆಂದು ಮಾಡುತ್ತಿರುವುದರಲ್ಲಿ ಬಹುಪಾಲು ಹೊರಟುಬಂದದ್ದು ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಿಂದ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ೧೯೩೩ರಿಂದ ಅಲ್ಲಿ ಪಾಠ ಹೇಳಿದರು. ೧೯೩೪ರಲ್ಲಿ ಪ್ರಕಟವಾದ ಅವರ 'ಯೋಗ ಮಕರಂದ' ಕನ್ನಡದಲ್ಲಿಯೇ ರಚಿತವಾದ ಗ್ರಂಥವೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರ ಬಳಿ ಕಲಿತವರಲ್ಲಿ ಬಹುಮಂದಿ ಹುಡುಗರು. ಹುಡುಗರೆಂದ ಮೇಲೆ ಅವರು ಎಷ್ಟು ಹೊತ್ತು ಕಣ್ಣುಮುಚ್ಚಿ ಕುಳಿತಾರೆಂಬುದನ್ನು ಹೇಳಬೇಕಾಗಿಲ್ಲ. ಕೃಷ್ಣಮಾಚಾರ್ಯರು ಅಲ್ಲಿ ಬೆಳೆಸಿದ್ದು ಒಂದು ಆಸನದಿಂದ ಇನ್ನೊಂದಕ್ಕೆ ಉಸಿರಿನ ಎಣಿಕೆಯೊಂದಿಗೆ ಹರಿದುಹೋಗುವ ಕ್ರಮವನ್ನು. ಆ ಕಾಲದ ಅಂಗಸಾಧನೆಯ ಪ್ರಭಾವವೂ ಅದರಲ್ಲಿ ಸೇರಿದೆಯೆಂದು ವಿದ್ವಾಂಸರು ಕೆಲವರು ವಾದಿಸುತ್ತಾರೆ. ಸೇರಿದ್ದರೆ ಅದರಿಂದ ನಷ್ಟವೇನೂ ಇಲ್ಲವೆಂದು ನಮಗೆ ತೋರುತ್ತದೆ.

ಆ ಒಬ್ಬ ಗುರುವಿನಿಂದ ಎರಡು ದಾರಿಗಳು ಕವಲೊಡೆದುದು ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. ಹಾಸನ ಸೀಮೆಯ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸರು ಮೈಸೂರಿನಲ್ಲಿ ನೆಲೆನಿಂತು ಅಷ್ಟಾಂಗ ವಿನ್ಯಾಸವೆಂಬ ಕ್ರಮವನ್ನು ಕಲಿಸಿದರು. ಅದರಲ್ಲಿ ಆಸನಗಳ ಸರಣಿ ನಿಶ್ಚಿತ. ಏಕಂ, ದ್ವೇ, ತ್ರೀಣಿ ಎಂಬ ಎಣಿಕೆ. ಪ್ರತಿ ಎಣಿಕೆಗೂ ಒಂದು ಉಸಿರು, ಒಂದು ಚಲನೆ. ಮುಂದೇನು ಮಾಡಲೆಂದು ಯೋಚಿಸುವ ಅವಕಾಶವೇ ಇಲ್ಲ. ಅದೇ ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯರು ೧೯೧೮ರಲ್ಲಿ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ಯರು. ಬಾಲ್ಯದಲ್ಲಿ ಮಲೇರಿಯಾ, ವಿಷಮಶೀತಜ್ವರ, ಕ್ಷಯಗಳಿಂದ ಬಳಲಿದ ಅವರು ಪುಣೆಯಲ್ಲಿ ನೆಲೆಸಿ ಬೆಳೆಸಿದ ಕ್ರಮ ನೋಡಲು ಇದಕ್ಕೆ ವಿರುದ್ಧವಾದುದು. ಅಲ್ಲಿ ಹರಿವಿಗಿಂತ ನಿಲುವು ಪ್ರಧಾನ. ಆದರೆ ನಿಂತಲ್ಲಿಯೇ ಹತ್ತು ಕೆಲಸಗಳು: ತ್ರಿಕೋಣಾಸನದಲ್ಲಿ ಹಿಮ್ಮಡಿಯ ಹೊರ ಅಂಚು ನೆಲವನ್ನು ಒತ್ತಿದೆಯೇ, ಮೊಣಕಾಲ ಚಿಪ್ಪು ಮೇಲೆದ್ದಿದೆಯೇ, ಎದೆ ತೆರೆದಿದೆಯೇ, ಕತ್ತಿನಲ್ಲಿ ಬಿಗಿತವಿಲ್ಲವಷ್ಟೇ. ದೇಹ ಬಾಗದವರಿಗೆ ಮರದ ತುಂಡು, ಪಟ್ಟಿ, ಹಗ್ಗ, ಕುರ್ಚಿಗಳ ಆಸರೆ.

ನಮ್ಮ ಅನುಭವದಲ್ಲಿ ಈ ಎರಡು ದಾರಿಗಳು ಎರಡು ಬಗೆಯ ಚಂಚಲರಿಗೆ ಒಗ್ಗುತ್ತವೆ. ಕೆಲವರಿಗೆ ದೇಹವೇ ಸುಮ್ಮನಿರದು. ಕಾಲು ಕುಣಿಯುತ್ತದೆ, ಕೈ ಏನನ್ನಾದರೂ ಹಿಡಿಯಬೇಕು. ಇವರಿಗೆ ಹರಿಯುವ ಕ್ರಮವೇ ಹಿತ. ಇನ್ನು ಕೆಲವರ ದೇಹ ಕಲ್ಲಿನಂತೆ ಕುಳಿತಿರುತ್ತದೆ, ಒಳಗೆ ಮಾತ್ರ ಕಛೇರಿಯ ಲೆಕ್ಕ, ಮಗಳ ಮದುವೆ, ನಾಳಿನ ಬಡ್ಡಿ ಎಲ್ಲವೂ ಓಡುತ್ತಿರುತ್ತವೆ. ಇಂಥವರು ಸೂರ್ಯನಮಸ್ಕಾರವನ್ನು ಐವತ್ತು ಮಾಡಿದರೂ ಐವತ್ತರಲ್ಲಿಯೂ ಲೆಕ್ಕ ಹಾಕುತ್ತಲೇ ಇರಬಲ್ಲರು, ಏಕೆಂದರೆ ರೂಢಿಯಾದ ಚಲನೆಯನ್ನು ದೇಹ ತಾನೇ ಮಾಡಿಕೊಂಡು ಹೋಗುತ್ತದೆ. ಅವರಿಗೆ ಹಿಮ್ಮಡಿಯಿಂದ ಕತ್ತಿನವರೆಗೆ ಪ್ರಶ್ನೆ ಕೇಳುವ ಗುರು ಬೇಕು. ಯೋಗ ಒಗ್ಗಲಿಲ್ಲವೆಂದು ಹೇಳುವವರನ್ನು ನಾವು ಈಗ ಕೇಳುವ ಮೊದಲ ಪ್ರಶ್ನೆಯೇ ಇದು: ಯಾವ ಯೋಗ ಒಗ್ಗಲಿಲ್ಲ?

ಬೆಂಗಳೂರಿಗೂ ಇದರಲ್ಲಿ ತನ್ನದೇ ಪಾಲಿದೆ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಓದಿದವರಿಗೆ ಕೆ.ವಿ. ಅಯ್ಯರ್ ಪರಿಚಿತರು. ಅವರು ಈ ನಗರದಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ಸೂರ್ಯನಮಸ್ಕಾರವನ್ನು ಕುರಿತು ೧೯೩೭ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದರು. ಭಾರ ಎತ್ತುವ ತರುಣರಿಗೂ ನಮಸ್ಕಾರದ ಲಯ ಬೇಕೆಂದು ಕಂಡವರು ಕಾದಂಬರಿಕಾರರೂ ಆಗಿದ್ದರೆಂಬುದು ನಮಗೆ ಆಕಸ್ಮಿಕವಾಗಿ ತೋರುವುದಿಲ್ಲ.

ಈಗ ನಮ್ಮ ಭಾನುವಾರದ ಅಭ್ಯಾಸವನ್ನು ಬದಲಿಸಿದ ಕ್ರಮವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಜಿಗಣಿಯ ಬಳಿಯ ಪ್ರಶಾಂತಿ ಕುಟೀರದಲ್ಲಿರುವ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಡಾ. ಎಚ್.ಆರ್. ನಾಗೇಂದ್ರ ಅವರು ಆವರ್ತನ ಧ್ಯಾನವೆಂಬ ಅಭ್ಯಾಸವನ್ನು ರೂಪಿಸಿದ್ದಾರೆ. ಗೌಡಪಾದರ ಮಾಂಡೂಕ್ಯ ಕಾರಿಕೆಯಲ್ಲಿ ಬರುವ ಒಂದು ಸೂಚನೆ ಅದರ ಬೀಜ. ಜಡವಾಗಿ ಮಲಗುವ ಮನಸ್ಸನ್ನು ಎಚ್ಚರಿಸಬೇಕು, ಚೆದುರಿದ ಮನಸ್ಸನ್ನು ಶಮನಗೊಳಿಸಬೇಕು ಎಂಬುದು ಅದರ ತಾತ್ಪರ್ಯ. ಈ ಸೂಚನೆಯನ್ನು ದೇಹದ ಮೂಲಕ ಆಚರಣೆಗೆ ತಂದುದೇ ಆವರ್ತನ ಧ್ಯಾನ. ಚಲನೆ, ವಿಶ್ರಾಂತಿ, ಮತ್ತೆ ಚಲನೆ, ಮತ್ತೆ ವಿಶ್ರಾಂತಿ. ಹೀಗೆ ಒಂದರ ಹಿಂದೊಂದು.

ಅಂಗಾತ ಮಲಗಿ ಪಾದದಿಂದ ತಲೆಯವರೆಗೆ ಎಲ್ಲ ಸ್ನಾಯುಗಳನ್ನೂ ಒಮ್ಮೆ ಬಿಗಿದು ಸಡಿಲಿಸುವುದರಿಂದ ಅಭ್ಯಾಸ ಮೊದಲಾಗುತ್ತದೆ. ಬಳಿಕ ಎಡಮಗ್ಗುಲಾಗಿ ನಿಧಾನವಾಗಿ ಎದ್ದು ನಿಂತು, ದೇಹದ ಭಾರ ಅಂಗಾಲುಗಳ ಮೇಲೆ ಹಂಚಿಹೋಗುವುದನ್ನು ಗಮನಿಸುವುದು. ಅನಂತರ ಬಲಕ್ಕೆ ಬಾಗುವ ಅರ್ಧಕಟಿ ಚಕ್ರಾಸನ, ನಡುವೆ ಸುಮ್ಮನೆ ನಿಲ್ಲುವಿಕೆ, ಎಡಕ್ಕೆ ಬಾಗುವಿಕೆ, ಮತ್ತೆ ನಿಲ್ಲುವಿಕೆ, ಮುಂದೆ ಬಾಗುವ ಪಾದಹಸ್ತಾಸನ, ಹಿಂದೆ ಬಾಗುವ ಅರ್ಧಚಕ್ರಾಸನ. ಕೊನೆಗೆ ಮೆಲ್ಲನೆ ಮಲಗಿ ಸುಮಾರು ಹತ್ತು ನಿಮಿಷ ಅಂಗಾಂಗಗಳನ್ನು ಒಂದೊಂದಾಗಿ ಸಡಿಲಿಸುವುದು. ಎಲ್ಲವೂ ಕಣ್ಣುಮುಚ್ಚಿ, ಅತಿ ನಿಧಾನವಾಗಿ. ಒಟ್ಟು ಇಪ್ಪತ್ತೆರಡೂವರೆ ನಿಮಿಷ. ಕೂರುವ ಪ್ರಸಂಗವೇ ಇಲ್ಲ. ಕೈಯನ್ನು ತೊಡೆಯಿಂದ ತಲೆಯ ಮೇಲಕ್ಕೆ ಎತ್ತಲು ಅರ್ಧ ನಿಮಿಷ ತೆಗೆದುಕೊಳ್ಳಬೇಕೆಂದಾಗ, ಓಡುವ ಮನಸ್ಸಿಗೆ ತೋಳಿನ ಭಾರ, ರಕ್ತದ ಸಂಚಾರ, ಬೆರಳ ತುದಿಯ ಜುಮ್ಮೆನ್ನುವಿಕೆ ಇವೆಲ್ಲ ಹೊಸ ಸುದ್ದಿಗಳಾಗುತ್ತವೆ. ಸುದ್ದಿ ಬೇಡುವ ಮನಸ್ಸಿಗೆ ದೇಹದೊಳಗಿಂದಲೇ ಸುದ್ದಿ ಬರುತ್ತದೆ.

ಇದರ ಪರಿಣಾಮವನ್ನು ಶರ್ಲಿ ಟೆಲ್ಸ್ ಮತ್ತು ಸಹೋದ್ಯೋಗಿಗಳು ೨೦೦೦ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅಳೆದಿದ್ದಾರೆ. ನಲವತ್ತು ಮಂದಿ ಪುರುಷರು ಒಂದು ದಿನ ಆವರ್ತನ ಧ್ಯಾನವನ್ನೂ ಇನ್ನೊಂದು ದಿನ ಅಷ್ಟೇ ಹೊತ್ತು ಶವಾಸನವನ್ನೂ ಮಾಡಿದರು. ಶವಾಸನದ ಬಳಿಕ ದೇಹ ಬಳಸುವ ಆಮ್ಲಜನಕದ ಪ್ರಮಾಣ ಶೇ. ೧೦.೧ರಷ್ಟು ಇಳಿದಿತ್ತು. ಆವರ್ತನ ಧ್ಯಾನದ ಬಳಿಕ ಇಳಿದದ್ದು ಶೇ. ೩೨.೧. ಸುಮ್ಮನೆ ಮಲಗಿದ್ದವರಿಗಿಂತ ಚಲಿಸಿ ಮಲಗಿದವರೇ ಹೆಚ್ಚು ವಿಶ್ರಾಂತಿ ಪಡೆದರೆಂದಾಯಿತು. ಇದು ಚಿಕ್ಕ ಅಧ್ಯಯನ. ಇದರಿಂದ ರೋಗ ಗುಣವಾಗುತ್ತದೆಂದು ಯಾರೂ ಹೇಳಿಲ್ಲ, ನಾವೂ ಹೇಳುವುದಿಲ್ಲ. ಆದರೆ 'ಮೊದಲು ಸುಮ್ಮನಿರು' ಎಂಬ ನಮ್ಮ ಹಳೆಯ ಹಠವನ್ನು ಅಲುಗಿಸಲು ಇಷ್ಟು ಸಾಕಾಯಿತು. ಅಂದಿನಿಂದ ನಮ್ಮ ಕ್ರಮವನ್ನು ತಲೆಕೆಳಗು ಮಾಡಿದೆವು: ಮೊದಲು ನಡಿಗೆ ಮತ್ತು ನಮಸ್ಕಾರ, ಅನಂತರ ಬಾಗುವಿಕೆ, ಆಮೇಲೆ ವಿಶ್ರಾಂತಿ, ಕೊನೆಗೆ ಇಚ್ಛೆಯಿದ್ದವರು ಕುಳಿತುಕೊಳ್ಳುವುದು. ಜಮಖಾನಗಳು ಈಗ ಮತ್ತೆ ನಾಲ್ಕಾಗಿವೆ.

ಯೋಗವೇ ಬೇಡವೆನ್ನುವವರಿಗೂ ನಮ್ಮ ಭಾಗದಲ್ಲಿ ದಾರಿಗಳಿಗೆ ಬರವಿಲ್ಲ. ೧೮೦೯ರಲ್ಲಿ ಸ್ಥಾಪಿತವಾದ ದಂಡು ಬೆಳೆದುದೇ ಹೆಜ್ಜೆಗೆ ಹೆಜ್ಜೆ ಕೂಡಿಸುವ ಕವಾಯತಿನ ಸುತ್ತ. ವಿಲಿಯಂ ಮ್ಯಾಕ್‌ನೀಲ್ ಎಂಬ ಇತಿಹಾಸಕಾರರು, ತಾವು ೧೯೪೧ರಲ್ಲಿ ಸೈನ್ಯಕ್ಕೆ ಸೇರಿ ಮಾಡಿದ ಕವಾಯತನ್ನು ನೆನೆಯುತ್ತಾ, ಜೊತೆಯಾಗಿ ಲಯಬದ್ಧವಾಗಿ ಚಲಿಸುವುದರಲ್ಲಿ ಮನಸ್ಸುಗಳನ್ನು ಬೆಸೆಯುವ ಶಕ್ತಿಯಿದೆಯೆಂದು ೧೯೯೫ರ ತಮ್ಮ ಗ್ರಂಥವೊಂದರಲ್ಲಿ ಪ್ರತಿಪಾದಿಸಿದ್ದಾರೆ. ಕೋಲಾಟ ಆಡಿದವರಿಗೆ ಇದು ಹೊಸ ವಿಷಯವೇನಲ್ಲ. ಒಬ್ಬರೇ ಮಾಡುವಾಗ ಹತ್ತು ನಿಮಿಷಕ್ಕೆ ಬೇಸರಗೊಳ್ಳುವವರು ಹತ್ತು ಮಂದಿಯ ಜೊತೆ ಗಂಟೆ ಕಳೆಯುತ್ತಾರೆ. ಗೌತಮಪುರದ ಹುಡುಗರನ್ನು ನೋಡಿರಿ. ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿರುವ ಆ ಬಡಾವಣೆಯಲ್ಲಿ ಚೆಂಡು ಕಾಲಿಗೆ ಸಿಕ್ಕಿದೊಡನೆ ಅತಿ ಚಂಚಲನಾದ ಬಾಲಕನ ಗಮನವೂ ಸೂಜಿಯ ಮೊನೆಯಂತಾಗುತ್ತದೆ. ಈಜು ಬಲ್ಲವರಿಗೆ ಹಲಸೂರಿನ ಕೆನ್ಸಿಂಗ್ಟನ್ ಈಜುಕೊಳವಿದೆ. ನೀರಿನಲ್ಲಿ ಉಸಿರಿನ ಲೆಕ್ಕ ತಪ್ಪಿದರೆ ಮೂಗಿಗೆ ನೀರು ಬರುತ್ತದೆ. ಪ್ರಾಣಾಯಾಮಕ್ಕೆ ಇದಕ್ಕಿಂತ ಕಟ್ಟುನಿಟ್ಟಾದ ಗುರುವನ್ನು ನಾವು ಕಂಡಿಲ್ಲ.

ನಡಿಗೆಯೂ ಸಾಲದೆಂದಲ್ಲ. ವಾರಕ್ಕೆ ಕನಿಷ್ಠ ೧೫೦ ನಿಮಿಷಗಳ ಮಧ್ಯಮ ವೇಗದ ಚಟುವಟಿಕೆ ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಲಸೂರು ಕೆರೆಯಂಚಿನ ಬಿರುಸಿನ ನಡಿಗೆ ವಾರಕ್ಕೆ ಐದು ದಿನ ಅರ್ಧ ಗಂಟೆಯಂತೆ ಆ ಲೆಕ್ಕವನ್ನು ತುಂಬುತ್ತದೆ. ಕೃಷ್ಣರಾಜಪುರದಾಚೆಯವರಿಗೆ, ವೀಳ್ಯದೆಲೆಯ ವ್ಯಾಪಾರದಿಂದ ಗಳಿಸಿದ ಹಣದಲ್ಲಿ ಎಲೆ ಮಲ್ಲಪ್ಪ ಶೆಟ್ಟರು ಜನರಿಗಾಗಿ ಕಟ್ಟಿಸಿದ ಕೆರೆಯ ನೆನಪಾದರೂ ಇದೆ. ಅದರ ದಡದಲ್ಲಿ ನಿಶ್ಚಿಂತೆಯಿಂದ ನಡೆಯುವಂತಾದರೆ ಎಷ್ಟು ಚೆನ್ನ. ಆದರೆ ಕಿವಿಗೆ ತಂತಿ ಸಿಕ್ಕಿಸಿಕೊಂಡು, ದೂರವಾಣಿಯಲ್ಲಿ ವ್ಯಾಪಾರ ಮಾಡುತ್ತಾ ನಡೆಯುವುದನ್ನು ನಾವು ಮನೋದೈಹಿಕ ಸಾಧನೆಯೆಂದು ಕರೆಯಲಾರೆವು. ನಾಲ್ಕು ಹೆಜ್ಜೆಗೆ ಉಸಿರನ್ನು ಒಳಗೆಳೆದು, ಆರು ಹೆಜ್ಜೆಗೆ ಹೊರಬಿಡಿರಿ. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ ಆರಂಭಿಸಿರಿ. ನಡಿಗೆಯಲ್ಲಿ ಮನಸ್ಸು ಪಾಲ್ಗೊಳ್ಳಲು ಇಷ್ಟೇ ಬೇಕು.

ಇಂದಿರಾನಗರದ ಮಾತು ಬೇರೆ. ಅಲ್ಲಿ ಮಾರುವುದಕ್ಕೆ ಸಿದ್ಧವಾಗಿ ಎಲ್ಲವೂ ಇವೆ: ಚೀನಾದ ತಾಯ್ ಚಿ, ಕೇರಳದ ಕಳರಿ, ಜಪಾನಿನ ಮಲ್ಲವಿದ್ಯೆಗಳು, ಇನ್ನೂ ಹೆಸರು ಹೇಳಲು ನಾಲಿಗೆ ಹೊರಳದ ಹಲವು. ಇವುಗಳಲ್ಲಿ ಒಳ್ಳೆಯವು ಇವೆ. ತಾಯ್ ಚಿಯ ಮಂದಗತಿಯ ಸರಣಿಯನ್ನು ನೆನಪಿಟ್ಟುಕೊಳ್ಳುವುದೇ ಮನಸ್ಸಿಗೊಂದು ಕೆಲಸ, ವೃದ್ಧರು ಬೀಳದಂತೆ ಕಾಪಾಡುವಲ್ಲಿಯೂ ಅದು ಉಪಕಾರಿಯೆಂಬುದಕ್ಕೆ ಆಧಾರಗಳಿವೆ. ಕಳರಿಯಲ್ಲಿ ಎದುರಾಳಿಯ ಕಣ್ಣು ನಮ್ಮ ಕಣ್ಣನ್ನು ಕಟ್ಟಿಹಾಕುತ್ತದೆ. ಆದರೆ ಹಿರಿಯ ಭಕ್ತರ ಆಕ್ಷೇಪ ನಿಜವಾಗುವುದೂ ಇಲ್ಲಿಯೇ. ಚಂಚಲ ಸ್ವಭಾವದವರಿಗೆ ಹೊಸತೆಲ್ಲವೂ ಮೂರು ವಾರ ಅಮೃತ, ನಾಲ್ಕನೆಯ ವಾರ ಬೇಸರ. ತಿಂಗಳಿಗೊಂದು ವಿದ್ಯೆ, ವಿದ್ಯೆಗೊಂದು ಶುಲ್ಕ, ಶುಲ್ಕಕ್ಕೊಂದು ಹೊಸ ಚಾಪೆ. ಮನೆಯ ಅಟ್ಟದಲ್ಲಿ ಐದು ಬಣ್ಣದ ಚಾಪೆಗಳನ್ನು ಸುತ್ತಿಟ್ಟಿರುವ ಭಕ್ತೆಯೊಬ್ಬರು ನಮಗೆ ಪರಿಚಿತರು. ಅವರು ಇದನ್ನು ಓದಿ ನಗುತ್ತಾರೆಂದು ಬಲ್ಲೆವು.

ಒಗ್ಗದ ಸಾಧನೆಯನ್ನು ಬಿಡುವುದಕ್ಕೂ ಒಗ್ಗುವ ಸಾಧನೆಯಿಂದ ಓಡಿಹೋಗುವುದಕ್ಕೂ ಇರುವ ಭೇದವನ್ನು ಕಾಣುವ ಬಗೆ ಹೇಗೆ? ನಾವು ಒಂದು ಮಂಡಲದ ಅವಧಿಯನ್ನು, ಅಂದರೆ ನಲವತ್ತೆಂಟು ದಿನಗಳನ್ನು, ಗೊತ್ತುಮಾಡಿಕೊಂಡಿದ್ದೇವೆ. ಇದು ಸಂಪ್ರದಾಯದ ಲೆಕ್ಕ, ವಿಜ್ಞಾನದ ಲೆಕ್ಕವಲ್ಲ. ಆದರೂ ಬೇಸರ ಬಂದುಹೋಗಲು ಸಾಕಾಗುವಷ್ಟು ದೀರ್ಘವಾಗಿದೆ. ಆರಂಭಿಸುವ ಮುನ್ನ ಬೇಸರವಾಗಿದ್ದು, ಮುಗಿಸಿದಾಗ ಹಗುರವೆನಿಸಿದರೆ ಅದು ಒಗ್ಗುವ ಸಾಧನೆ, ಬಿಡಬೇಡಿರಿ. ನಲವತ್ತೆಂಟು ದಿನಗಳ ಬಳಿಕವೂ ಮುಗಿಸಿದಾಗ ಕಿರಿಕಿರಿಯೇ ಉಳಿದರೆ, ಯಾವ ಅಪರಾಧಭಾವವೂ ಇಲ್ಲದೆ ಬೇರೆಯದನ್ನು ಹಿಡಿಯಿರಿ. ಇನ್ನೊಂದು ಸೂಕ್ಷ್ಮವಿದೆ. ಬದಲಾವಣೆ ಬೇಡುವ ಮನಸ್ಸಿಗೆ ಬದಲಾವಣೆಯನ್ನು ತನ್ನೊಳಗೇ ಇಟ್ಟುಕೊಂಡಿರುವ ಸಾಧನೆಯನ್ನು ಆರಿಸಬೇಕು. ಸೋಮವಾರ ನಮಸ್ಕಾರದ ಸಂಖ್ಯೆ ಹೆಚ್ಚಿಸುವುದು, ಬುಧವಾರ ಅದೇ ನಮಸ್ಕಾರವನ್ನು ಅರ್ಧ ವೇಗದಲ್ಲಿ ಮಾಡುವುದು, ಶುಕ್ರವಾರ ಕಣ್ಣುಮುಚ್ಚಿ ಮಾಡುವುದು: ಸಾಧನೆ ಒಂದೇ, ರುಚಿ ಮೂರು. ಇದು ಮನಸ್ಸಿಗೆ ಸೋತಂತೆ ಎಂದು ನಾವು ತಿಳಿಯುವುದಿಲ್ಲ. ಹೋರಿಗೆ ಹಗ್ಗವನ್ನು ತುಸು ಉದ್ದ ಬಿಟ್ಟರೂ ಗೂಟ ಅಲ್ಲೇ ಇರುತ್ತದೆ.

ಎಚ್ಚರಿಕೆಯ ಮಾತೊಂದನ್ನು ನಮ್ಮದೇ ತಪ್ಪಿನಿಂದ ಹೇಳಬೇಕಾಗಿದೆ. ನಮ್ಮ ಅಭ್ಯಾಸಕ್ಕೆ ಬರುತ್ತಿದ್ದ ಸಹೋದರಿಯೊಬ್ಬರು ಕೆಲವೇ ತಿಂಗಳಲ್ಲಿ ಬಹಳ ಚಡಪಡಿಕೆಗೆ ಒಳಗಾದರು. ನಿದ್ರೆ ಕೆಟ್ಟಿತು, ಕೈ ನಡುಗುತ್ತಿತ್ತು, ಊಟ ಸರಿಯಾಗಿದ್ದರೂ ತೂಕ ಇಳಿಯಿತು. ನಾವು ಪ್ರಾಣಾಯಾಮವನ್ನು ಹೆಚ್ಚಿಸಿರಿ ಎಂದೆವು. ಎರಡು ತಿಂಗಳು ಹೀಗೆಯೇ ಕಳೆಯಿತು. ಕೊನೆಗೆ ಅವರ ಮಗಳು ವೈದ್ಯರ ಬಳಿಗೆ ಕರೆದೊಯ್ದಾಗ ಥೈರಾಯ್ಡ್ ಗ್ರಂಥಿಯು ಮಿತಿಮೀರಿ ಕೆಲಸ ಮಾಡುತ್ತಿರುವುದು ರಕ್ತಪರೀಕ್ಷೆಯಿಂದ ತಿಳಿಯಿತು. ಹೃದಯದ ಬಡಿತವೂ ಅಷ್ಟರಲ್ಲಿ ಏರುಪೇರಾಗಿತ್ತು. ಚಿಕಿತ್ಸೆಯಿಂದ ಅವರು ಚೇತರಿಸಿಕೊಂಡಿದ್ದಾರೆ, ನಮ್ಮನ್ನು ಕ್ಷಮಿಸಿಯೂ ಇದ್ದಾರೆ. ಹುಟ್ಟಿನಿಂದ ಬಂದ ಚಂಚಲ ಸ್ವಭಾವ ಬೇರೆ, ಇತ್ತೀಚೆಗೆ ಹೊಸದಾಗಿ ಕಾಣಿಸಿಕೊಂಡ ಚಡಪಡಿಕೆ ಬೇರೆ. ಎರಡನೆಯದಕ್ಕೆ ಥೈರಾಯ್ಡ್, ಕೆಲವು ಔಷಧಿಗಳ ಅಡ್ಡಪರಿಣಾಮ, ಆತಂಕದ ಕಾಯಿಲೆ, ನಿದ್ರಾಹೀನತೆ, ದಿನಕ್ಕೆ ಆರು ಲೋಟ ಕಾಫಿ ಹೀಗೆ ಕಾರಣಗಳು ಹಲವು. ಮೊದಲು ವೈದ್ಯರನ್ನು ಕಾಣಬೇಕು. ಬಾಲ್ಯದಿಂದಲೂ ಗಮನ ನಿಲ್ಲದೆ ಓದು, ಉದ್ಯೋಗ, ಸಂಸಾರಗಳೆಲ್ಲ ಕೆಡುತ್ತಿದ್ದರೆ ಅದಕ್ಕೂ ಮನೋವೈದ್ಯರಲ್ಲಿ ಹೆಸರೂ ಚಿಕಿತ್ಸೆಯೂ ಇವೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಕಣ್ಣಿನ ಗ್ಲುಕೋಮಾ ಇರುವವರು ತಲೆ ಕೆಳಗಾಗುವ ಆಸನಗಳನ್ನೂ ಉಸಿರು ಬಿಗಿಹಿಡಿಯುವುದನ್ನೂ ಮಾಡಬಾರದು. ತಲೆಸುತ್ತು ಬರುವವರು ಗೋಡೆಯ ಪಕ್ಕದಲ್ಲಿ, ಕಣ್ಣು ತೆರೆದೇ ಅಭ್ಯಾಸ ಮಾಡಲಿ.

ಕೃಷ್ಣರಾಜಪುರದ ಆ ಸದ್ಭಕ್ತರನ್ನು ನಾವು ಮತ್ತೆ ಹುಡುಕಿಕೊಂಡು ಹೋಗಿ, ಹಿಂದೆ ಆಡಿದ ಮಾತನ್ನು ಹಿಂತೆಗೆದುಕೊಂಡೆವು. ೨೦೨೩ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವಿನ ಮೆಟ್ರೊ ಕೊಂಡಿ ಕೂಡಿದ ಮೇಲೆ ಹಲಸೂರಿಗೆ ಬರುವುದು ಅವರಿಗೆ ಕಷ್ಟವಿರಲಿಲ್ಲ. ಬರುವ ಮನಸ್ಸಿರಲಿಲ್ಲ, ಅಷ್ಟೆ. ವೈದ್ಯರನ್ನು ಕೇಳಿಕೊಂಡು, ಪಾದಹಸ್ತಾಸನವನ್ನು ಬಿಟ್ಟು ಉಳಿದುದನ್ನು ಆರಂಭಿಸಿದರು. ಮೊದಲ ಮಂಡಲದಲ್ಲಿ ಒಂಬತ್ತು ದಿನ ತಪ್ಪಿಸಿದರಂತೆ; ತಾವೇ ಎಣಿಸಿಟ್ಟಿದ್ದರು. ಮಾತ್ರೆ ಇನ್ನೂ ನಡೆದಿದೆ, ಒತ್ತಡ ಈಗ ಹತೋಟಿಯಲ್ಲಿದೆಯೆಂದು ವೈದ್ಯರು ಹೇಳಿದ್ದಾರೆ. ಅದರಲ್ಲಿ ಮಾತ್ರೆಯ ಪಾಲೆಷ್ಟು, ಅಭ್ಯಾಸದ ಪಾಲೆಷ್ಟು ಎಂದು ವಿಭಾಗಿಸುವ ಸಾಹಸಕ್ಕೆ ನಾವು ಇಳಿಯುವುದಿಲ್ಲ.

ಕಳೆದ ತಿಂಗಳು ಅವರು ತಾವಾಗಿಯೇ ಬಂದು ಇನ್ನೊಂದು ವಿಷಯ ತಿಳಿಸಿದರು. ಬೆಳಗಿನ ಅಭ್ಯಾಸ ಮುಗಿಸಿ, ಸ್ನಾನ ಮಾಡಿ ಪೂಜೆಗೆ ಕುಳಿತರೆ ಈಗ ಹನ್ನೆರಡು ನಿಮಿಷದವರೆಗೆ ಕಾಲು ಅಲುಗುವುದಿಲ್ಲವಂತೆ. "ಹದಿಮೂರನೆಯ ನಿಮಿಷಕ್ಕೆ ಅಲುಗುತ್ತದೆ" ಎಂದು ನಕ್ಕರು. ಅಲುಗಲಿ ಬಿಡಿ ಎಂದೆವು. ಮುಂದಿನ ಶಿವರಾತ್ರಿಗೆ ಊರಿಗೆ ಹೋದಾಗ ನಂದಿಕೋಲಿಗೆ ಒಮ್ಮೆ ಹೆಗಲು ಕೊಡಬಹುದೇ ಎಂದು ಕೇಳಿದ್ದಾರೆ. ಅದನ್ನು ಮಾತ್ರ ಅವರ ವೈದ್ಯರನ್ನು ಕೇಳಿಯೇ ಹೇಳುವುದಾಗಿ ತಿಳಿಸಿದ್ದೇವೆ.